ಜಾನ್ಸನ್-ಸು ಬಯೋರಿಯಾಕ್ಟರ್, ಮೂರು ವರ್ಷ ಬಳಸಿದ ಮೇಲೆ: ಗೊಬ್ಬರ ಬಂತು, ಫಂಗಸ್ಸೂ ಬಂತು, ಆಮೇಲೆ ಮೈಲುತುತ್ತ ನೆನಪಾಯ್ತು

ಜಾನ್ಸನ್-ಸು ಬಯೋರಿಯಾಕ್ಟರ್ ಅಂದ್ರೆ ಕಸಕಡ್ಡಿ ತುಂಬಿ, ತಿರುವದೇ ಒಂದು ವರ್ಷ ಬಿಟ್ಟು, ಫಂಗಸ್ (ಶಿಲೀಂಧ್ರ) ಜಾಸ್ತಿ ಇರೋ ಗೊಬ್ಬರ ಮಾಡೋ ಜಾಲರಿ ಗೂಡು. ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ, 5ಕ್ಕೆ 3.5. ಅರ್ಧ ಕಟ್ ಆಗಿದ್ದು ನಮ್ಮ ಮಳೆಗಾಲಕ್ಕೆ ಈ ಡಿಸೈನ್ ಹೊಂದಲ್ಲ ಅಂತ, ಇನ್ನೊಂದು ಪೂರ್ತಿ ಸ್ಟಾರ್ ಯಾಕೆ ಹೋಯ್ತು ಅಂತ ಕೊನೇಲಿ ಗೊತ್ತಾಗುತ್ತೆ, ಅದರಲ್ಲಿ ತಪ್ಪು ನಂದೇ ಜಾಸ್ತಿ.

ನಮ್ದು ಸಾಗರ ತಾಲ್ಲೂಕು, ಎರಡೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿರೋ ಕಾಳುಮೆಣಸು, ಸ್ವಲ್ಪ ಬಾಳೆ. ಕೊಟ್ಟಿಗೆ ಗೊಬ್ಬರ ಮೊದ್ಲಿಂದಲೂ ಇದೆ. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಗು (ಉದುರಿದ ಒಣ ಎಲೆ) ತಂದು ಕೊಟ್ಟಿಗೆಗೆ ಹಾಕೋದು, ಅದನ್ನ ಎಳೆದು ಗೊಬ್ಬರಗುಂಡಿಗೆ ಹಾಕೋದು. ಹಾಗಾದ್ರೆ ಹೊಸದ್ಯಾಕೆ ಅಂದ್ರೆ, ದನ ಕಮ್ಮಿ ಆಯ್ತು, ಈಗ ಇರೋದು ಎರಡು, ಗುಂಡಿ ಅರ್ಧವೂ ತುಂಬಲ್ಲ. ಆದ್ರೆ ಅಡಿಕೆ ಸಿಪ್ಪೆ, ಹಾಳೆ, ಸೋಗೆ, ಕಡಿದ ರೆಂಬೆ ಇದೆಲ್ಲ ರಾಶಿ ರಾಶಿ. ಸಿಪ್ಪೆ ಮಾತ್ರ ಗುಂಡೀಲಿ ಎರಡು ವರ್ಷ ಆದ್ರೂ ಹಾಗೇ ಇರುತ್ತೆ, ಲಿಗ್ನಿನ್, ಅಂದ್ರೆ ಮರಕ್ಕೆ ಗಟ್ಟಿತನ ಕೊಡೋ ಅಂಶ, ಜಾಸ್ತಿ. ಲಿಗ್ನಿನ್ ಸರಿಯಾಗಿ ಮುರಿಯೋದು ಫಂಗಸ್, ಬ್ಯಾಕ್ಟೀರಿಯಾ ಕೈಲಿ ಅಷ್ಟು ಆಗಲ್ಲ. ಬೆಟ್ಟದಲ್ಲಿ ದರಗು ಎತ್ತಿದ್ರೆ ಅಡೀಲಿ ಬಿಳಿ ನೂಲು ಹೆಣೆದ ಹಾಗೆ ಇರುತ್ತಲ್ಲ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಲ್ಲ, ಅಂಥದ್ದನ್ನ ತೋಟದಲ್ಲಿ ತಯಾರು ಮಾಡ್ಬೇಕು ಅಂತ ಆಸೆ.

ಇದು ಅಂಗಡೀಲಿ ಸಿಗೋ ಪ್ರಾಡಕ್ಟ್ ಅಲ್ಲ, ಮನೇಲೇ ಕಟ್ಕೋಬೇಕು. ಅಮೆರಿಕದ ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿಯ ಡೇವಿಡ್ ಜಾನ್ಸನ್ ಮತ್ತೆ ಅವರ ಹೆಂಡತಿ ಹುಯಿ-ಚುನ್ ಸು ಮಾಡಿದ ವಿಧಾನ, ಅದಕ್ಕೇ ಆ ಹೆಸರು. ಡೈರಿ ಸಗಣಿ ಗೊಬ್ಬರದಲ್ಲಿ ಉಪ್ಪಿನಂಶ ಜಾಸ್ತಿ ಆಗೋ ಸಮಸ್ಯೆಯಿಂದ ಅವರ ಕೆಲಸ ಶುರು ಆಗಿದ್ದು. ಐಡಿಯಾ ಸರಳ: ರಾಶಿ ತಿರುವಿ ಹಾಕೋ ಹಾಗಿಲ್ಲ. ತಿರುವಿದ್ರೆ ಫಂಗಸ್ಸಿನ ಎಳೆ ಎಲ್ಲ ತುಂಡಾಗುತ್ತೆ. ತಿರುವದೇ ಇದ್ರೆ ಗಾಳಿ ಹೇಗೆ? ರಾಶಿ ಒಳಗೆ 4 ಇಂಚಿನ ಪೈಪ್ 6 ನಿಲ್ಲಿಸಿ ಸುತ್ತ ತುಂಬೋದು, ಒಂದು ದಿನ ಬಿಟ್ಟು ಪೈಪ್ ಎಳೆಯೋದು, ತೂತು ಹಾಗೇ ನಿಲ್ಲುತ್ತೆ. ಯಾವ ಜಾಗವೂ ಗಾಳಿಯಿಂದ ಒಂದು ಅಡಿಗಿಂತ ದೂರ ಇರ್ಬಾರ್ದು, ಅಷ್ಟೇ ಲೆಕ್ಕ. ತೇವ 70 ಪರ್ಸೆಂಟ್ ಇಟ್ಕೊಂಡು ಒಂದು ವರ್ಷ ಸುಮ್ಮನೆ ಬಿಡ್ಬೇಕು. ಕೇಳಕ್ಕೆ ಚೆನ್ನಾಗಿದೆ, ಒಂದು ವರ್ಷ ಸುಮ್ಮನಿರೋದು ನಮ್ಮಂಥವರಿಗೆ ಕಷ್ಟ ಮಾರಾಯ್ರೆ.

ಮೊದಲನೇದು 2022 ಜನವರೀಲಿ ಕಟ್ಟಿದೆ. ವೆಲ್ಡ್ ಮೆಶ್ ಸುತ್ತಿ 5 ಅಡಿ ಅಗಲ, 5 ಅಡಿ ಎತ್ತರ, ಒಳಗೆ ಶೇಡ್ ನೆಟ್, ಅಡಿಗೆ ಹಳೇ ಮರದ ಪ್ಯಾಲೆಟ್, ಪೈಪ್ ಮನೇಲಿ ಉಳಿದಿದ್ದ ಪಿವಿಸಿ. ಒಟ್ಟು 4,800 ರೂಪಾಯಿ, ಆಳಿನ ಖರ್ಚು ಸೇರಿಸಿಲ್ಲ. ಸಿಪ್ಪೆ, ಕತ್ತರಿಸಿದ ಹಾಳೆ, ದರಗು, ಮೇಲೆ ಸ್ವಲ್ಪ ಸಗಣಿ ಬಗ್ಗಡ. ಎಲ್ಲ ನೀರಲ್ಲಿ ಅದ್ದಿ ಅದ್ದಿ ಹಾಕಿದ್ವಿ, ಅದೇ ಇಡೀ ದಿನದ ಕೆಲಸ. ಮೂರನೇ ದಿನ ಥರ್ಮಾಮೀಟರ್ 68 ಡಿಗ್ರಿ ತೋರಿಸ್ತು, ನಾನಂತೂ ಹಬ್ಬ ಮಾಡಿದೆ. ಜೂನ್ ಬಂತು. ಮೇಲೆ ಮುಚ್ಚಿದ್ದು ಶೇಡ್ ನೆಟ್ ಮಾತ್ರ, ನಮ್ಮ ಕಡೆ ಮಳೆ ಹೇಗೆ ಸುರಿಯುತ್ತೆ ಗೊತ್ತಲ್ಲ, ಜುಲೈ ಮಧ್ಯಕ್ಕೆ ತೂತುಗಳೆಲ್ಲ ಕುಸಿದು ಒಳಗೆ ನೀರು ನಿಂತು ಹುಳಿ ವಾಸನೆ. ನ್ಯೂ ಮೆಕ್ಸಿಕೋ ಒಣ ಸೀಮೆ, ಅಲ್ಲಿ ದಿನಾ ನೀರು ಹಾಕೋದೇ ತಲೆನೋವು, ನಮಗೆ ನೀರು ತಡೆಯೋದೇ ತಲೆನೋವು. ಈ ಮಾತು ಯಾವ ವಿಡಿಯೋದಲ್ಲೂ ನಾನು ಕೇಳಿರ್ಲಿಲ್ಲ. ಆ ರಾಶಿ ಕೊನೆಗೆ ಬಾಳೆ ಬುಡ ಸೇರ್ತು.

ಎರಡನೇದು 2023 ಜನವರಿ, ಹಳೇ ಅಡಿಕೆ ಒಣಗಿಸೋ ಚಪ್ಪರದ ಪಕ್ಕ, ಶೀಟ್ ಅಡೀಲಿ. ಈ ಸಲ ಡ್ರಿಪ್ ಪೈಪಿಗೆ ಟೈಮರ್, ದಿನಕ್ಕೆ ಒಂದೇ ನಿಮಿಷ ನೀರು. ಉಷ್ಣಾಂಶ 27ಕ್ಕೆ ಇಳಿದ ಮೇಲೆ ಎರೆಹುಳ ಬಿಡಿ ಅಂತ ಅವರು ಹೇಳ್ತಾರೆ, ಆದ್ರೆ ನಮ್ಮಲ್ಲಿ ಮಾರ್ಚಲ್ಲಿ ನೆರಳಲ್ಲೇ 33, 34 ಇರುತ್ತೆ, 27 ಎಲ್ಲಿಂದ ಬರ್ಬೇಕು? ರಾಶಿ ನಡುವಿನ ಬಿಸಿ ಹೊರಗಿನ ನೆರಳಿನ ಬಿಸಿಗೆ ಸಮ ಆದ ದಿನ ಅರ್ಧ ಕೆಜಿ ಹುಳ ಬಿಟ್ಟೆ, ಬದುಕಿದ್ವು. ಒಂದೇ ಎಡವಟ್ಟು, ಏಪ್ರಿಲಲ್ಲಿ ಮದುವೆಗೆ ಅಂತ 8 ದಿನ ಊರಲ್ಲಿ ಇರ್ಲಿಲ್ಲ, ಕರೆಂಟ್ ಹೋಗಿ ಟೈಮರ್ ನಿಂತು ಒಂದು ಪಕ್ಕ ಒಣಗಿ, ಬಂದು ನೋಡಿದ್ರೆ ಪ್ಯಾಲೆಟ್ಟಿಂದ ಮೇಲಕ್ಕೆ ಒರಲೆ (ಗೆದ್ದಲು) ಮಣ್ಣಿನ ದಾರಿ ಕಟ್ಕೊಂಡು ಹತ್ತಿದೆ. ಒಣ ಮರ ಸಿಕ್ಕಿದ್ರೆ ಒರಲೆ ಬಿಡುತ್ತಾ. ಈಗ ಪ್ಯಾಲೆಟ್ ಬದ್ಲು ಚಪ್ಪಡಿ ಕಲ್ಲು ಸಂದು ಬಿಟ್ಟು ಜೋಡಿಸಿದೀನಿ.

2024 ಫೆಬ್ರವರೀಲಿ ಬಿಚ್ಚಿದೆ. ರಾಶಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, 18 ಚೀಲ. ಮುಷ್ಟೀಲಿ ಹಿಂಡಿದ್ರೆ ಬೆರಳ ಸಂದಿಂದ ಜೇಡಿಮಣ್ಣಿನ ಹಾಗೆ ನುಣ್ಣಗೆ ಬರ್ಬೇಕು ಅಂತಾರೆ, ಸುಮಾರು ಹಾಗೇ ಬಂತು, ಸಿಪ್ಪೆ ಯಾವುದು ಹಾಳೆ ಯಾವುದು ಹೇಳಕ್ಕೆ ಆಗ್ತಿರ್ಲಿಲ್ಲ. ಎರಡು ವರ್ಷ ಗುಂಡೀಲಿ ಕರಗದ ಸಿಪ್ಪೆ ಒಂದು ವರ್ಷಕ್ಕೆ ಹೀಗಾಗಿದ್ದು, ಇಷ್ಟಕ್ಕೇ ಹಾಕಿದ ಹಣ ವಸೂಲ್ ಅನ್ಸ್ತು.

ಆದ್ರೆ ಫಂಗಸ್ ಇದೆಯಾ? ಇಲ್ಲಿಂದ ಮಜಾ. ಸೆಕೆಂಡ್ ಹ್ಯಾಂಡ್ ಸ್ಟೂಡೆಂಟ್ ಮೈಕ್ರೋಸ್ಕೋಪ್ ಒಂದು 6,500ಕ್ಕೆ ತಗೊಂಡೆ. ಫೋನಿಗೆ ಕಾರ್ಡ್ ತೋರಿಸಿ ಫಂಗಸ್-ಬ್ಯಾಕ್ಟೀರಿಯಾ ಅನುಪಾತ ಹೇಳೋ ಅಮೆರಿಕದ ಕಿಟ್ಟೂ ಇದೆ, ಒಂದೊಂದು ಟೆಸ್ಟಿಗೂ ದುಡ್ಡು ಸುರೀಬೇಕು, ಬಿಟ್ಟೆ. ಮೈಕ್ರೋಸ್ಕೋಪಲ್ಲಾದ್ರೆ ಒಂದು ಭಾಗ ಗೊಬ್ಬರಕ್ಕೆ ಐದು ಭಾಗ ನೀರು, ಮೆಲ್ಲಗೆ ಅಲ್ಲಾಡಿಸಿ ಒಂದು ಹನಿ, ಮೇಲೆ ಕವರ್ ಸ್ಲಿಪ್, 400 ಪಟ್ಟು. ಬೋರ್ವೆಲ್ ನೀರು ಸಾಕು, ಕ್ಲೋರಿನ್ ನೀರು ಬೇಡ. ಮೊದಲ ದಿನವೇ ಉದ್ದುದ್ದ ಕಂದು ಎಳೆ ರಾಶಿ ಕಾಣಿಸ್ತು, ಫೋಟೋ ತೆಗೆದು ಪಿಯು ಕಾಲೇಜಲ್ಲಿ ಬಯಾಲಜಿ ಹೇಳೋ ನನ್ನ ಹೆಂಡತಿ ತಮ್ಮನಿಗೆ ಕಳ್ಸಿದೆ. ಅವನ ವಾಯ್ಸ್ ಮೆಸೇಜ್: "ಭಾವ, ಇದು ಫಂಗಸ್ ಅಲ್ಲ, ನಿಮ್ಮ ಅಡಿಕೆ ಸಿಪ್ಪೆ ನಾರು." ಮನೆಯವರೆಲ್ಲ ಎರಡು ದಿನ ನಕ್ಕರು.

ಆಮೇಲೆ ಕಲಿತೆ. ಫಂಗಸ್ಸಿನ ಎಳೆ ಉದ್ದಕ್ಕೂ ಒಂದೇ ದಪ್ಪ, ಹೆಚ್ಚಾಗಿ 2ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಒಳಗೆ ಅಡ್ಡಗೋಡೆ ಕಾಣುತ್ತೆ, ಕವಲು ಒಡೆಯುತ್ತೆ. ನಾರು ಆದ್ರೆ ಒಂದು ಕಡೆ ದಪ್ಪ, ಒಂದು ಕಡೆ ಸೀಳು. ಅದಕ್ಕಿಂತ ಸಣ್ಣ, 1 ಮೈಕ್ರಾನ್ ಆಸುಪಾಸಿನ ಕೂದಲಂಥದ್ದು ಆಕ್ಟಿನೋಬ್ಯಾಕ್ಟೀರಿಯಾ, ಎಳೆ ಥರ ಬೆಳೆಯೋ ಬ್ಯಾಕ್ಟೀರಿಯಾ. ಬಿಸಿ ರಾಶಿ ಒಳಗೆ ಬೂದಿ ಎರಚಿದ ಹಾಗೆ ಬೆಳ್ಳಗೆ ಕಾಣೋದು ಬಹಳ ಸಲ ಇದೇ, ಜನ ಅದನ್ನ ನೋಡಿ ಫಂಗಸ್ ಬಂತು ಅಂತ ಕುಣೀತಾರೆ, ನಾನೂ 2022ರಲ್ಲಿ ಕುಣಿದಿದ್ದೆ. ಇನ್ನೊಂದು ವಿಷ್ಯ, ಈ ಗೊಬ್ಬರದಿಂದ ಬೇರಿಗೆ ಮೈಕೋರೈಜಾ (ಬೇರಿನ ಜೊತೆ ಕೂಡಿ ಬದುಕೋ ಫಂಗಸ್) ಸಿಗುತ್ತೆ ಅಂತ ಹೇಳೋರನ್ನ ನಂಬ್ಬೇಡಿ. ಅಡಿಕೆ, ಮೆಣಸಿನ ಬೇರೊಳಗೆ ಇರೋ ಜಾತಿಗೆ ಜೀವಂತ ಬೇರು ಬೇಕೇ ಬೇಕು, ಗೊಬ್ಬರದ ರಾಶೀಲಿ ಅದು ಬೆಳೆಯಲ್ಲ. ಇಲ್ಲಿ ಬೆಳೆಯೋದು ಸತ್ತಿದ್ದನ್ನ ತಿನ್ನೋ ಫಂಗಸ್.

ಪ್ರತೀ ಸ್ಯಾಂಪಲಿಗೂ 20 ಜಾಗ ನೋಡ್ತೀನಿ, ಎಷ್ಟರಲ್ಲಿ ಎಳೆ ಇದೆ ಅಂತ ಎಣಿಸ್ತೀನಿ. ವಿಜ್ಞಾನಿಗಳು ಇದನ್ನ ಒಪ್ಪದೇ ಇರ್ಬಹುದು, ಒಂದಕ್ಕೊಂದು ಹೋಲಿಸಕ್ಕೆ ನನಗೆ ಸಾಕು. ಈ ಗೊಬ್ಬರದಲ್ಲಿ 20ಕ್ಕೆ 13. ನಮ್ಮ ಗುಂಡಿ ಗೊಬ್ಬರ 4. ಮನೆ ಹಿಂದಿನ ಮಾವಿನ ಮರದ ಬುಡದ ಮಣ್ಣು, ಯಾರೂ ಏನೂ ಹಾಕದ ಜಾಗ, 6. ಅಡಿಕೆ ಮರದ ಬುಡದ ಮಣ್ಣು 1. ಮೂರು ಸಲ ತೆಗೆದೆ, 1, 0, 1.

ಇನ್ನು ಉಪಯೋಗ ಹೇಗಾಯ್ತು ಅಂದ್ರೆ, ಎರಡೂವರೆ ಎಕರೆಗೆ 18 ಚೀಲ ಯಾವ ಮೂಲೆಗೂ ಸಾಕಾಗಲ್ಲ, ಇದು ಹೆಪ್ಪು ಹಾಕಿದ ಹಾಗೆ ಬಳಸೋ ಗೊಬ್ಬರ. ನೀರಲ್ಲಿ ಕದಡಿ ಸೋಸಿ ಅಡಿಕೆ, ಬಾಳೆ ಬುಡಕ್ಕೆ ಹಾಕಿದೆ. ಮೆಣಸಿನ ಬಳ್ಳಿ ಕಟಿಂಗಿಗೆ 60 ಪಾಲಿಬ್ಯಾಗಲ್ಲಿ ಒಂದೊಂದು ಹಿಡಿ ಹಾಕಿ, 60 ಬ್ಯಾಗ್ ಹಾಕದೇ ಇಟ್ಟೆ. ಹಾಕಿದ್ದರಲ್ಲಿ 51 ಚಿಗುರಿದ್ವು, ಹಾಕದ್ದರಲ್ಲಿ 43. ಬೇರು ತೊಳೆದು ನೋಡಿದ್ರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತೆ. ಮಣ್ಣಿನ ಹೆಂಟೆ ಗಾಜಿನ ಲೋಟದ ನೀರಲ್ಲಿ ಇಟ್ಟು ಎಷ್ಟು ಹೊತ್ತು ಒಡೆಯದೇ ನಿಲ್ಲುತ್ತೆ ನೋಡೋ ಟೆಸ್ಟೂ ಮಾಡಿದೆ, ಬಾಳೆ ಬುಡದ್ದು ಚೆನ್ನಾಗಿ ನಿಂತಿತು. ಹಳೇ ಪಂಚೆ ತುಂಡು ಹೂತು ಎರಡು ತಿಂಗಳ ಮೇಲೆ ತೆಗೆಯೋದು ಇನ್ನೊಂದು, ಮಣ್ಣಲ್ಲಿ ಜೀವ ಇದ್ರೆ ಬಟ್ಟೆ ಕರಗುತ್ತೆ, ಬಾಳೆ ಹತ್ರ ಅಂಚಿನ ಜರಿ ಮಾತ್ರ ಸಿಕ್ತು, ಅಡಿಕೆ ಬುಡದಲ್ಲಿ ಹೂತಿದ್ದು ತೊಳೆದ್ರೆ ಮತ್ತೆ ಉಡಬಹುದಿತ್ತು.

ಅಡಿಕೆ ಬುಡಕ್ಕೆ ಹಾಕಿ 6 ತಿಂಗಳ ಮೇಲೆ ಎಣಿಸಿದ್ರೆ 20ಕ್ಕೆ 2. ಇಳುವರೀಲಿ ಫರಕು ಏನೂ ಇಲ್ಲ. ತಲೆ ಕೆಟ್ಟೋಯ್ತು. ಆವಾಗ ಹಳೇ ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿದೆ. ಅದರಲ್ಲಿ 12 ಅಂಶ ಇರುತ್ತೆ, ಪಿಎಚ್, ಸಾವಯವ ಇಂಗಾಲ, ಸಾರಜನಕ ಹೀಗೆ, ಜೀವಾಣು ಬಗ್ಗೆ ಒಂದಕ್ಷರ ಇಲ್ಲ. ಆದ್ರೆ ತಾಮ್ರ ಇದೆ. ನಮ್ಮ ತೋಟದ್ದು 9.4 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಲ್ಲಿ 9.4 ಪಾಲು. ಕೊರತೆ ಅಂತ ಲೆಕ್ಕ ಹಾಕೋದು 0.2ಕ್ಕಿಂತ ಕಮ್ಮಿ ಆದ್ರೆ. ಕಾರ್ಡಲ್ಲಿ ಪಕ್ಕದಲ್ಲಿ "ಸಾಕಷ್ಟಿದೆ" ಅಂತ ಪ್ರಿಂಟ್, ಅಷ್ಟೇ. ಸಾಕಷ್ಟಲ್ಲ ಸ್ವಾಮಿ, ಅಜ್ಜನ ಕಾಲದಿಂದ ಸುರಿದದ್ದು!

ಕೊಳೆರೋಗಕ್ಕೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರೋ ರೋಗ) ಬೋರ್ಡೋ ದ್ರಾವಣ ಹೊಡೀದೇ ಮಲೆನಾಡಲ್ಲಿ ಯಾರು ಅಡಿಕೆ ಬೆಳೀತಾರೆ ಹೇಳಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ಮಳೆಗಾಲದಲ್ಲಿ ಎರಡು ಸಲ, ಮಳೆ ಜೋರಿದ್ರೆ ಮೂರು. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗ ಅಧ್ಯಯನ ಮಾಡಿ ಇದನ್ನ ಹೇಳಿಕೊಟ್ಟು ನೂರು ವರ್ಷದ ಮೇಲಾಯ್ತು, ಆ ಉಪಕಾರ ಮರೆಯೋ ಹಾಗಿಲ್ಲ, ತೋಟ ಉಳಿದಿದ್ದೇ ಅದ್ರಿಂದ. ಆದ್ರೆ ಗೊನೆಗೆ ಹೊಡೆದದ್ದು ಮಳೇಲಿ ತೊಳೆದು ಎಲ್ಲಿಗೆ ಬರುತ್ತೆ? ಬುಡಕ್ಕೆ. ತಾಮ್ರ ಕೊಳೆಯಲ್ಲ, ಆವಿ ಆಗಲ್ಲ, ಮೇಲ್ಮಣ್ಣಿಗೆ ಅಂಟ್ಕೊಂಡು ವರ್ಷ ವರ್ಷ ಸೇರ್ತಾ ಹೋಗುತ್ತೆ, ಫಂಗಸ್ಸಿಗೂ ಎರೆಹುಳಕ್ಕೂ ಆಗಿಬರಲ್ಲ. ತಮಾಷೆ ಅಂದ್ರೆ ಕೊಳೆ ತರೋ ಫೈಟಾಫ್ತೊರಾ ನಿಜವಾದ ಫಂಗಸ್ಸೇ ಅಲ್ಲ, ಪಾಚಿ ಕಡೆಯ ಸಂಬಂಧ. ಅಂದ್ರೆ ಫಂಗಸ್ ಅಲ್ಲದ್ದಕ್ಕೆ ಹೊಡೆದ ಮದ್ದು ಫಂಗಸ್ಸಿನ ತಲೆ ಮೇಲೆ ಬೀಳ್ತಿದೆ, ನಾನು ಕೆಳಗಿಂದ ಕೊಡದಲ್ಲಿ ಫಂಗಸ್ ಹೊಯ್ತಾ ಇದೀನಿ. ತಾಮ್ರ ಒಂದೇ ಕಾರಣ ಅಂತ ಪ್ರೂವ್ ಮಾಡಕ್ಕೆ ನನ್ನ ಹತ್ರ ಲ್ಯಾಬ್ ಇಲ್ಲ, ಆದ್ರೆ ಬಾಳೆ ಪಟ್ಟಿಗೂ ಅಡಿಕೆ ಪಟ್ಟಿಗೂ ಮಣ್ಣು ಒಂದೇ, ನೀರು ಒಂದೇ, ನನಗೆ ಕಾಣೋ ಫರಕು ಬೋರ್ಡೋ.

ಆದ್ದರಿಂದ ತಗೊಳ್ಳೋರಿಗೆ, ಅಲ್ಲ, ಕಟ್ಟೋರಿಗೆ ನನ್ನ ಸಲಹೆ: ತರಕಾರಿ, ಬಾಳೆ, ನರ್ಸರಿ, ಹೊಸ ಗಿಡ ಇರೋರು ಕಣ್ಮುಚ್ಕೊಂಡು ಮಾಡಿ, ಮೇಲೆ ಶೀಟ್ ಮಾತ್ರ ಮರೀಬೇಡಿ. ಹಳೇ ಅಡಿಕೆ ತೋಟದವರು ಮೊದ್ಲು ಕಾರ್ಡಲ್ಲಿ ತಾಮ್ರದ ಸಾಲು ನೋಡಿ, ಆಮೇಲೆ ಮೆಶ್ ತರಕ್ಕೆ ಹೋಗಿ.

ನಾನು ಈ ಮಳೆಗಾಲ 40 ಮರಕ್ಕೆ ಮದ್ದು ನಿಲ್ಸಿದೀನಿ, ಬದ್ಲಿಗೆ ಕೊಟ್ಟೆ (ಗೊನೆಗೆ ಮಳೆ ತಾಗದ ಹಾಗೆ ಮುಚ್ಚೋ ಹೊದಿಕೆ) ಕಟ್ಸಿದೀನಿ, ಪ್ಲಾಸ್ಟಿಕ್ಕಿಂದು, ಗೊನೆ ಗೊನೆಗೂ. ಮರ ಹತ್ತೋ ಕೊನೆಗಾರ ಒಂದೊಂದು ಮರಕ್ಕೂ ಎರಡೆರಡು ಸಲ ಹತ್ತಬೇಕು ಅಂತ ಕೂಲಿ ಜಾಸ್ತಿ ಕೇಳ್ದ, ಕೊಟ್ಬಿಟ್ಟೆ. ಮಣ್ಣಲ್ಲಿ ಇರೋ ತಾಮ್ರ ಒಂದು ವರ್ಷಕ್ಕೆ ಹೋಗಲ್ಲ ಅಂತ ಗೊತ್ತು, ಹೊಸದಾದ್ರೂ ಬೀಳದಿರ್ಲಿ ಅಂತ. ಡಿಸೆಂಬರಲ್ಲಿ ಕೊಯ್ಲು ಮುಗಿದ ಮೇಲೆ ಆ ಬುಡದ ಮಣ್ಣು ತೆಗೆದು ಮತ್ತೆ 20 ಜಾಗ ಎಣಿಸೋದಿದೆ. ಅಪ್ಪಯ್ಯಂಗೆ ಇದ್ಯಾವುದರ ಮೇಲೂ ನಂಬಿಕೆ ಇಲ್ಲ, ದಿನಾ ಬೆಳಿಗ್ಗೆ ಕೊಡೆ ಹಿಡ್ಕೊಂಡು ಆ 40 ಮರದ ಬುಡ ಸುತ್ತಿ ಉದುರಿದ ಕಾಯಿ ಎಣಿಸ್ಕೊಂಡು ಬರ್ತಾರೆ. ಇವತ್ತಿಗೆ 11 ಅಂತೆ.