ಸಿ.ಡಿ., ಡಿ.ವಿ.ಡಿ. ಬರೆಯಲು ಯಾವ ತಂತ್ರಾಂಶ? ಒಂದೇ ರೈಟರ್‌ನಲ್ಲಿ ಐದರ ಪರೀಕ್ಷೆ

ಡಿಸ್ಕ್ ಬರೆಯುವ ತಂತ್ರಾಂಶಗಳ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ವೇಗವನ್ನು. ವೇಗ ಡಿಸ್ಕ್ ಬರೆಯುವ ಸಾಧನವಾದ ರೈಟರ್‌ನದು ಮತ್ತು ಡಿಸ್ಕಿನದು, ತಂತ್ರಾಂಶದ್ದಲ್ಲ. ಡಿ.ವಿ.ಡಿ.ಯ ಮಟ್ಟಿಗೆ 1ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.38 ಎಂ.ಬಿ. ಆ ಲೆಕ್ಕದಲ್ಲಿ 8ಎಕ್ಸ್‌ನಲ್ಲಿ 4.7 ಜಿ.ಬಿ.ಯ ಡಿಸ್ಕ್ ತುಂಬಲು ಏಳು ನಿಮಿಷದ ಆಸುಪಾಸು ಬೇಕು. ಅದೇ ಕಡತ, ಅದೇ ಡಿಸ್ಕ್ ಕೊಟ್ಟಾಗ ಉಚಿತದ್ದಕ್ಕೂ ದುಡ್ಡು ಕೊಟ್ಟು ಕೊಳ್ಳುವುದಕ್ಕೂ ಗಡಿಯಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ.

ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ವಿಂಡೋಸ್‌ನಲ್ಲೇ ಇರುವ ಸೌಲಭ್ಯ, ನೀರೊ, ಸಿಡಿಬರ್ನರ್‌ಎಕ್ಸ್‌ಪಿ, ಇಮ್ಗ್‌ಬರ್ನ್, ಮತ್ತು ಅದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ ಕೆ3ಬಿ. ಕೆಲಸಗಳೂ ಮನೆಯವೇ. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಳೆಯನ್ನು ದೊಡ್ಡಪ್ಪನ ಸಿ.ಡಿ. ಪ್ಲೇಯರ್‌ಗೆ ಬರೆದುಕೊಡಬೇಕಿತ್ತು. ಕನ್ನಡದಲ್ಲೇ ಹೆಸರಿಟ್ಟ ಸ್ಕ್ಯಾನ್ ಕಡತಗಳ ರಾಶಿಯೊಂದನ್ನು ಡಿ.ವಿ.ಡಿ.ಗೆ ಏರಿಸಬೇಕಿತ್ತು. ಜೊತೆಗೆ ಲಿನಕ್ಸ್‌ನ ಐ.ಎಸ್.ಒ. ಕಡತ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ಹಿಡಿದಿಟ್ಟ ಕಡತವೊಂದು.

ತಾಳಮದ್ದಳೆ ಎಂಥ ತಂತ್ರಾಂಶವನ್ನೂ ಪೇಚಿಗೆ ಸಿಲುಕಿಸಬಲ್ಲದು. ಸಿನಿಮಾ ಹಾಡುಗಳಾದರೆ ಒಂದು ಮುಗಿದು ಇನ್ನೊಂದು ಶುರುವಾಗುವ ಮುನ್ನ ಎರಡು ಸೆಕೆಂಡು ಮೌನವಿದ್ದರೆ ಯಾರೂ ಗಮನಿಸುವುದಿಲ್ಲ. ಆದರೆ ಮೂರು ಗಂಟೆಯ ಪ್ರಸಂಗವನ್ನು ಹುಡುಕಲು ಅನುಕೂಲವಾಗಲಿ ಎಂದು ತುಂಡು ಮಾಡಿದಾಗ, ಭಾಗವತರ ಪದ್ಯದ ನಡುವೆ ಮದ್ದಳೆಯ ಪೆಟ್ಟು ನಿಂತುಹೋಗಿ ಮತ್ತೆ ಶುರುವಾದರೆ ಕೇಳುವವನಿಗೆ ರಸಭಂಗ. ಒಂದೊಂದು ಟ್ರ್ಯಾಕ್ ಬರೆದ ಮೇಲೂ ಲೇಸರ್ ನಿಲ್ಲಿಸಿ ಮುಂದುವರಿಯುವ ವಿಧಾನದಲ್ಲಿ ಈ ಎರಡು ಸೆಕೆಂಡಿನ ಅಂತರ ಬರುತ್ತದೆ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬರೆಯುವ ವಿಧಾನದಲ್ಲಿ ಅದನ್ನು ಪೂರ್ತಿ ತೆಗೆದುಹಾಕಬಹುದು.

ಈ ಕೆಲಸಕ್ಕೆ ಸಿಡಿಬರ್ನರ್‌ಎಕ್ಸ್‌ಪಿ ಹೇಳಿ ಮಾಡಿಸಿದಂತಿದೆ. ಆಡಿಯೊ ಡಿಸ್ಕ್ ಆರಿಸಿ, ಕಡತಗಳನ್ನು ಎಳೆದು ಹಾಕಿ, ಅಂತರ ಬೇಡ ಎಂದರೆ ಮುಗಿಯಿತು. ವಿಂಡೋಸ್ ಮೀಡಿಯಾ ಪ್ಲೇಯರ್‌ನಲ್ಲೂ ಅಂತರವಿಲ್ಲದೆ ಬರೆಯುವ ಆಯ್ಕೆ ಇದೆ, ಆದರೆ ಸೆಟ್ಟಿಂಗ್‌ಗಳ ಒಳಗೆ ಹುಡುಕಿಕೊಂಡು ಹೋಗಬೇಕು. ಇಮ್ಗ್‌ಬರ್ನ್‌ನಲ್ಲಿ ನೇರವಾಗಿ ಆಡಿಯೊ ಸಿ.ಡಿ. ಎಂಬ ಗುಂಡಿಯೇ ಇಲ್ಲ. ಮೊದಲು ಟೂಲ್ಸ್ ಮೆನುವಿನಿಂದ ಟ್ರ್ಯಾಕುಗಳ ಪಟ್ಟಿಯಿರುವ ‘ಕ್ಯೂ’ ಕಡತ ತಯಾರಿಸಿ, ಆಮೇಲೆ ಅದನ್ನು ಡಿಸ್ಕಿಗೆ ಬರೆಯಬೇಕು. ಒಮ್ಮೆ ಕಲಿತರೆ ಕಷ್ಟವಲ್ಲ, ಆದರೂ ಸುತ್ತುದಾರಿ. ಕೆ3ಬಿಯಲ್ಲಿ ಇದೆಲ್ಲ ಸಲೀಸು. ಡಿಸ್ಕಿನ ಒಳಗೇ ಪ್ರಸಂಗದ ಹೆಸರು ಬರೆದಿಡುವ ಸಿ.ಡಿ. ಟೆಕ್ಸ್ಟ್ ಸೌಲಭ್ಯವೂ ಕಣ್ಣೆದುರೇ ಇರುತ್ತದೆ.

ಇಷ್ಟಾದರೂ ಕೆಲವರಿಗೆ ಟ್ರ್ಯಾಕ್ ಬದಲಾಗುವಲ್ಲಿ ಸಣ್ಣದೊಂದು ಟಿಕ್ ಸದ್ದು ಕೇಳಿಸುತ್ತದೆ. ಅದು ತಂತ್ರಾಂಶದ ತಪ್ಪಲ್ಲ. ಆಡಿಯೊ ಸಿ.ಡಿ.ಯಲ್ಲಿ ಒಂದು ಸೆಕೆಂಡನ್ನು 75 ತುಣುಕುಗಳಾಗಿ ವಿಂಗಡಿಸಲಾಗಿದೆ. ನಾವು ಕತ್ತರಿಸಿದ ಜಾಗ ಆ ತುಣುಕಿನ ಅಂಚಿಗೆ ಸರಿಯಾಗಿ ಕೂರದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬಲಾಗುತ್ತದೆ. ಧ್ವನಿ ಕತ್ತರಿಸುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಈ ತುಣುಕುಗಳಿಗೆ, ಅಂದರೆ ಸಿ.ಡಿ. ಫ್ರೇಮುಗಳಿಗೆ ಹೊಂದಿಸಿ ಕತ್ತರಿಸುವ ಆಯ್ಕೆ ಇದೆ, ಅದನ್ನು ಬಳಸಿ. ಕತ್ತರಿಸಿದ ತುಂಡುಗಳನ್ನು ಎಂಪಿ3 ಮಾಡಬೇಡಿ, ಕುಗ್ಗಿಸದ ವೇವ್ ಆಗಿಯೇ ಇಡಿ. ಎಂಪಿ3 ಮಾಡುವಾಗ ಪ್ರತಿ ಕಡತದ ತುದಿಗೂ ಚೂರು ಮೌನ ಸೇರಿಕೊಳ್ಳುತ್ತದೆ.

ಇನ್ನು ಕನ್ನಡ ಹೆಸರುಗಳು. ಇಂಗ್ಲಿಷಿನಲ್ಲಿ ಬರೆಯಲಾದ ಹೋಲಿಕೆಗಳಲ್ಲಿ ಈ ವಿಷಯ ಬರುವುದೇ ಇಲ್ಲ. ಡಿಸ್ಕಿನಲ್ಲಿ ಕಡತಗಳನ್ನು ಹೆಸರಿಟ್ಟು ಜೋಡಿಸುವ ಜೋಲಿಯೆಟ್ ಎಂಬ ವ್ಯವಸ್ಥೆಯಲ್ಲಿ ಹೆಸರಿಗೆ 64 ಸ್ಥಾನಗಳ ಮಿತಿ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಒತ್ತು, ದೀರ್ಘ, ಅರ್ಧಾಕ್ಷರದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಸ್ಥಾನ. ‘ಶ್ರೀಕೃಷ್ಣ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಒಂಬತ್ತು ಸ್ಥಾನ. ‘ಶ್ರೀಕೃಷ್ಣ ಸಂಧಾನ, ಮೊದಲ ಭಾಗ’ ಎಂದು ಶುರುಮಾಡಿ ಊರು, ವರ್ಷ, ಅರ್ಥಧಾರಿಗಳ ಹೆಸರು ಎಲ್ಲ ಸೇರಿಸುವ ನಮ್ಮಂಥವರ ಕಡತದ ಹೆಸರು ನಡುವೆಯೇ ತುಂಡಾಗುತ್ತದೆ. ಇಮ್ಗ್‌ಬರ್ನ್ ಹೀಗೆ ಹೆಸರು ಬದಲಿಸಬೇಕಾಗಿ ಬಂದಾಗ ಮೊದಲೇ ತೋರಿಸಿ ಒಪ್ಪಿಗೆ ಕೇಳುತ್ತದೆ; ನನಗೆ ಅದರ ಮೇಲೆ ಗೌರವ ಮೂಡಿದ್ದು ಅಲ್ಲಿಯೇ. ಕೆ3ಬಿಯಲ್ಲಿ ಮಿತಿಯನ್ನು 103ಕ್ಕೆ ಏರಿಸುವ ಆಯ್ಕೆ ಇದೆ. ಇದಕ್ಕಿಂತ ಸುಲಭದ ದಾರಿ ಯು.ಡಿ.ಎಫ್. ಎಂಬ ಇನ್ನೊಂದು ವ್ಯವಸ್ಥೆಯನ್ನು ಆರಿಸುವುದು. ಅದರಲ್ಲಿ ಕನ್ನಡದ ಹೆಸರಿಗೂ ಸುಮಾರು 127 ಸ್ಥಾನ ಸಿಗುತ್ತದೆ. ಹಳೆಯ ಕಾರಿನ ಪ್ಲೇಯರುಗಳಿಗೆ ಮಾತ್ರ ಈ ಉಪಾಯ ಬೇಡ. ಅವುಗಳ ಪುಟ್ಟ ಪರದೆಯಲ್ಲಿ ಕನ್ನಡ ಹೇಗೂ ಡಬ್ಬಿಗಳಾಗಿ ಕಾಣುತ್ತದೆ. ಅಲ್ಲಿಗೆ ಇಂಗ್ಲಿಷ್ ಹೆಸರೇ ಗತಿ.

ಬರೆದದ್ದು ಸರಿಯಾಗಿದೆಯೇ ಎಂದು ಮರಳಿ ಓದಿ ನೋಡುವುದರಲ್ಲಿ ನಿಜವಾದ ಯೋಗ್ಯತೆ ತಿಳಿಯುತ್ತದೆ. ಬೇಕೆಂದೇ, ಮಾರುಕಟ್ಟೆಯಲ್ಲಿ ಕಟ್ಟು ಲೆಕ್ಕದಲ್ಲಿ ಸಿಗುವ ಅಗ್ಗದ ಡಿಸ್ಕುಗಳನ್ನೂ ಹಾಕಿ ನೋಡಿದೆ. ಅಂಥದ್ದೊಂದರಲ್ಲಿ ಬರವಣಿಗೆ ಶೇಕಡಾ ನೂರು ಮುಟ್ಟಿತು, ದೂರೇ ಇಲ್ಲ. ಮರಳಿ ಓದುವಾಗ, ಡಿಸ್ಕಿನ ಹೊರ ಅಂಚಿನ ಹತ್ತಿರ, ಇಮ್ಗ್‌ಬರ್ನ್‌ನ ಲಾಗ್ ಕಿಟಕಿಯಲ್ಲಿ ಎಷ್ಟನೆಯ ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ಭಾಗ) ಓದಲಾಗಲಿಲ್ಲ, ಯಾಕೆ ಎಂಬ ಸಾಲು ಬಂದು ನಿಂತಿತು. ಡಿಸ್ಕನ್ನು ನಿಜವಾಗಿ ತಯಾರಿಸಿದವರು ಯಾರು ಎಂಬ ಸಂಕೇತವನ್ನೂ ಅದು ಬಲಬದಿಯಲ್ಲಿ ತೋರಿಸುತ್ತದೆ. ಪೊಟ್ಟಣದ ಮೇಲಿನ ಹೆಸರು ಒಂದು, ಒಳಗಿನ ತಯಾರಕ ಇನ್ನೊಬ್ಬ ಆಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ನನ್ನ ಡ್ರಾಯರಿನಲ್ಲಿ ಉಳಿದಿದ್ದ ಮೋಸರ್ ಬೇರ್ ಇಂಡಿಯಾ ಕಂಪನಿಯ ಡಿಸ್ಕುಗಳಲ್ಲಿ ‘ಎಂಬಿಐ’ ಎಂದು ಆರಂಭವಾಗುವ ಸಂಕೇತವೇ ಬಂತು. ಅವು ಮಾತ್ರ ಸರಿಯಾಗಿಯೇ ಬರೆಸಿಕೊಂಡವು.

ಸಿಡಿಬರ್ನರ್‌ಎಕ್ಸ್‌ಪಿ, ಕೆ3ಬಿ ಎರಡರಲ್ಲೂ ಪರಿಶೀಲನೆಯ ಆಯ್ಕೆ ಇದೆ. ಕೆ3ಬಿ ಐ.ಎಸ್.ಒ. ಕಡತದ ಎಂಡಿ5 ಮೊತ್ತವನ್ನು, ಅಂದರೆ ಕಡತದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆಯನ್ನು, ಬರೆಯುವ ಮುನ್ನವೇ ತೋರಿಸುತ್ತದೆ. ಕಡತ ಕೊಟ್ಟವರು ಪ್ರಕಟಿಸಿದ ಸಂಖ್ಯೆಯೊಂದಿಗೆ ಅದನ್ನು ತಾಳೆ ನೋಡಬೇಕು. ಇಳಿಸಿಕೊಂಡ ಕಡತವೇ ಕೆಟ್ಟಿದ್ದರೆ ಡಿಸ್ಕ್ ಹಾಳಾಗುವ ಮೊದಲೇ ಗೊತ್ತಾಗುತ್ತದೆ. ವಿಂಡೋಸ್ 7ರಿಂದ ಐ.ಎಸ್.ಒ. ಕಡತವನ್ನು ನೇರವಾಗಿ ಡಿಸ್ಕಿಗೆ ಬರೆಯಬಹುದು. ಅಲ್ಲಿಯೂ ಪರಿಶೀಲಿಸುವ ಚೌಕವೊಂದಿದೆ, ನಾವೇ ಗುರುತು ಹಾಕಬೇಕು. ಸಾಮಾನ್ಯ ಕಡತಗಳಿಗೆ ವಿಂಡೋಸ್ ಡಿಸ್ಕ್ ಹಾಕಿದ ಕೂಡಲೇ, ಪೆನ್‌ಡ್ರೈವ್‌ನಂತೆ ಬಳಸುತ್ತೀರೋ ಪ್ಲೇಯರ್‌ಗೋ ಎಂದು ಕೇಳುತ್ತದೆ. ಬೇರೆಯವರಿಗೆ ಕೊಡುವ ಡಿಸ್ಕ್ ಆದರೆ ಕಣ್ಣುಮುಚ್ಚಿ ಎರಡನೆಯದನ್ನು ಒತ್ತಿ. ಮೊದಲನೆಯದು ಹಳೆಯ ಪ್ಲೇಯರುಗಳಲ್ಲಿ ಓಡದಿರುವ ಸಂಭವವೇ ಹೆಚ್ಚು.

ನೀರೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಾಲದಲ್ಲಿ ರೈಟರ್ ಕೊಂಡರೆ ಪೆಟ್ಟಿಗೆಯೊಳಗೇ ಅದರ ಸಿ.ಡಿ. ಬರುತ್ತಿತ್ತು, ನಾವೆಲ್ಲ ಕಲಿತದ್ದೂ ಅದರಲ್ಲೇ. ಈಗಲೂ ಕೆಲಸದಲ್ಲಿ ಕುಂದಿಲ್ಲ. ಆದರೆ ತಿಂಗಳಿಗೊಂದು ಡಿಸ್ಕ್ ಬರೆಯುವವನು ದುಡ್ಡು ಕೊಟ್ಟು ಅದನ್ನು ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ನನ್ನ ವಿಂಡೋಸ್‌ನಲ್ಲಿ ಈಗ ಉಳಿದಿರುವುದು ಎರಡು: ಹಾಡು, ತಾಳಮದ್ದಳೆಗೆ ಸಿಡಿಬರ್ನರ್‌ಎಕ್ಸ್‌ಪಿ, ಉಳಿದ ಎಲ್ಲಕ್ಕೂ ಇಮ್ಗ್‌ಬರ್ನ್. ಇಮ್ಗ್‌ಬರ್ನ್‌ನ 2.5.8.0 ಆವೃತ್ತಿ ಬಂದದ್ದು 2013ರಲ್ಲಿ. ಅಷ್ಟು ಹಳೆಯದೇ ಎಂದು ಹಿಂಜರಿಯಬೇಡಿ, ಅಷ್ಟರಲ್ಲಿ ಡಿ.ವಿ.ಡಿ.ಯೇನೂ ಬದಲಾಗಿಲ್ಲ. ಉಚಿತ ತಂತ್ರಾಂಶ ಯಾವುದೇ ಆಗಲಿ, ಅನುಸ್ಥಾಪಿಸುವಾಗ ‘ಮುಂದೆ, ಮುಂದೆ’ ಎಂದು ಒತ್ತುತ್ತಾ ಹೋಗಬೇಡಿ. ಜೊತೆಗೆ ತೂರಿಬರುವ ಟೂಲ್‌ಬಾರುಗಳ ಗುರುತನ್ನು ತೆಗೆದೇ ಮುಂದುವರಿಯಿರಿ. ದೊಡ್ಡಪ್ಪನಂಥವರ ಹಳೆಯ ಸಿ.ಡಿ. ಪ್ಲೇಯರ್‌ಗೆ ಬರೆಯುವಾಗ ಗರಿಷ್ಠ ವೇಗದ ಬದಲು 16ಎಕ್ಸ್ ಆರಿಸಿಕೊಳ್ಳಿ. ಅದಕ್ಕಿಂತ ಕಡಿಮೆ ವೇಗಕ್ಕೆ ಈಗಿನ ಎಷ್ಟೋ ರೈಟರುಗಳು ಒಪ್ಪುವುದೂ ಇಲ್ಲ.