ಕಾರು ಬಾಡಿ ಶಾಪಲ್ಲಿ, ಬಾಡಿಗೆ ಯಾರ ತಲೆಗೆ? ಮೂರು ದಾರಿಗಳ ಹೋಲಿಕೆ

ಕ್ಯಾಲಿಫೋರ್ನಿಯಾದಲ್ಲಿ ಕಾರು ರಿಪೇರಿಗೆ ಹೋದರೆ ಹಾಲು ತರುವುದೂ ಕಷ್ಟ. ಅಲ್ಲಿವರೆಗೆ ಓಡಾಡುವ ಬಾಡಿಗೆ ಕಾರಿನ ದುಡ್ಡು ಯಾರು ಕೊಡಬೇಕು? ನಮ್ಮ ಮನೆಯಲ್ಲಿ ಮೂರು ದಾರಿಯನ್ನೂ ನೋಡಿಯಾಯಿತು: ನಮ್ಮದೇ ಪಾಲಿಸಿ, ಗುದ್ದಿದವರ ಇನ್ಶೂರೆನ್ಸ್, ರಿಪೇರಿ ಮುಗಿಯುವವರೆಗೆ ಓಡಿಸಲು ಡೀಲರ್ ಕೊಡುವ ಲೋನರ್ ಕಾರು.

‘ಫುಲ್ ಕವರೇಜ್ ಇದೆ, ಬಾಡಿಗೆ ಕಾರು ಬಂದೇ ಬರುತ್ತೆ’ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಬಾಡಿಗೆ ಕಾರಿನ ಖರ್ಚು ಕೊಡುವ ‘ರೆಂಟಲ್ ರಿಇಂಬರ್ಸ್‌ಮೆಂಟ್’ ಅನ್ನುವುದು ಪಾಲಿಸಿಯಲ್ಲಿ ಬೇರೆಯೇ ಸಾಲು, ತಿಂಗಳಿಗೆ ಕೆಲವು ಡಾಲರ್ ಜಾಸ್ತಿ ಕೊಟ್ಟು ಸೇರಿಸಿಕೊಳ್ಳಬೇಕು. ಅದೂ ಅಪಘಾತದಂಥ ಕ್ಲೇಮ್‌ಗೆ ಮಾತ್ರ. ಇಂಜಿನ್ ಕೆಟ್ಟರೆ, ಸರ್ವಿಸ್‌ಗೆ ಬಿಟ್ಟರೆ ಒಂದು ಕಾಸೂ ಇಲ್ಲ.

ಹೈವೇ 17ರಲ್ಲಿ ಜಿಂಕೆ ಅಡ್ಡ ಬಂದಾಗ ನಮಗಿದ್ದದ್ದು ಇದೊಂದೇ ದಾರಿ. ಜಿಂಕೆಗೆ ಇನ್ಶೂರೆನ್ಸ್ ಇರಲ್ಲ, ಅಲ್ವಾ? ನಮ್ಮ ಮಿತಿ ದಿನಕ್ಕೆ 30 ಡಾಲರ್, ಒಟ್ಟು 900. ಇಲ್ಲಿ ಇದು ತೀರಾ ಸಾಮಾನ್ಯ ಮಿತಿ. ಕ್ಲೇಮ್ ಹಾಕಿದ ಮರುದಿನವೇ ಕಾರು ಸಿಕ್ಕಿತು, ಬಿಲ್ ನೇರ ಇನ್ಶೂರೆನ್ಸ್ ಕಂಪನಿಗೆ. ಆದರೆ 30 ಡಾಲರಿಗೆ ಸಿಗುವುದು ಪುಟ್ಟ ಕಾರು. ತೆರಿಗೆ, ಶುಲ್ಕ ಸೇರಿದರೆ ಮಿತಿ ದಾಟುತ್ತದೆ, ಮಿಕ್ಕಿದ್ದು ನಮ್ಮ ಜೇಬಿಂದ. ಪೆಟ್ರೋಲೂ ನಮ್ಮದೇ.

ಬಾಡಿಗೆ ಕಾರಿನ ಕೌಂಟರ್‌ನಲ್ಲಿದ್ದ ಹುಡುಗ ಟ್ಯಾಬ್ಲೆಟ್ ನನ್ನ ಕಡೆ ತಿರುಗಿಸಿದ. ಡ್ಯಾಮೇಜ್ ವೇವರ್ (ದುಡ್ಡು ಕೊಟ್ಟರೆ ಆ ಕಾರಿನ ಹಾನಿಯ ಹೊಣೆ ಬಿಡುವ ಒಪ್ಪಂದ) ಎದುರು ಆಗಲೇ ಟಿಕ್ ಬಿದ್ದಿತ್ತು. ತೆಗೆಸಿದೆ. ನಮ್ಮ ಪಾಲಿಸಿಯ ಕೊಲಿಷನ್ ಕವರ್ (ಗುದ್ದಾಟದಲ್ಲಿ ಕಾರಿಗಾಗುವ ಹಾನಿಗೆ) ಸಾಮಾನ್ಯವಾಗಿ ಈ ಬಾಡಿಗೆ ಕಾರಿಗೂ ನಡೆಯುತ್ತದೆ, ಅದೇ ಡಿಡಕ್ಟಿಬಲ್ (ಮೊದಲು ನಮ್ಮ ಜೇಬಿಂದ ಕೊಡಬೇಕಾದ ಪಾಲು) ಜೊತೆಗೆ. ‘ನನ್ನ ಕ್ರೆಡಿಟ್ ಕಾರ್ಡೇ ನೋಡಿಕೊಳ್ಳುತ್ತೆ’ ಅನ್ನುವವರು ಮಾತ್ರ ಸ್ವಲ್ಪ ನಿಲ್ಲಿ. ಕಾರ್ಡಿನ ರಕ್ಷಣೆ ಬೇಕಾದರೆ ಬಾಡಿಗೆ ಆ ಕಾರ್ಡಿನಿಂದಲೇ ಹೋಗಿರಬೇಕು ಅಂತ ಷರತ್ತಿರುತ್ತದೆ. ಇಲ್ಲಿ ಬಾಡಿಗೆ ಕೊಡುತ್ತಿರುವುದು ಇನ್ಶೂರೆನ್ಸ್ ಕಂಪನಿ! ಮೊದಲೇ ಕಾರ್ಡಿನವರಿಗೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಎರಡನೆಯದು, ಫ್ರೀಮಾಂಟ್‌ನ ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಮಿನಿವ್ಯಾನ್‌ಗೆ ಹಿಂದಿನಿಂದ ಒಬ್ಬರು ಗುದ್ದಿದ್ದು. ತಪ್ಪು ಅವರದೇ, ಅನುಮಾನವೇ ಇಲ್ಲ. ಹೇಳಿಕೊಳ್ಳುವುದಕ್ಕೆ ಇದು ಎಲ್ಲಕ್ಕಿಂತ ಒಳ್ಳೆಯ ದಾರಿ: ಡಿಡಕ್ಟಿಬಲ್ ಇಲ್ಲ, ದಿನಕ್ಕಿಷ್ಟೇ ಅನ್ನುವ ಮಿತಿ ಇಲ್ಲ, ಮಿನಿವ್ಯಾನ್ ಬದಲಿಗೆ ಮಿನಿವ್ಯಾನೇ ಕೇಳಬಹುದು. ಆದರೆ ಅವರ ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ನೋಡಿಕೊಳ್ಳುವ ಅಡ್ಜಸ್ಟರ್ ಬಾಯಲ್ಲಿ ಒಂದೇ ಮಾತು: ‘ನಮ್ಮ ಗ್ರಾಹಕರ ಹೇಳಿಕೆ ಇನ್ನೂ ಸಿಕ್ಕಿಲ್ಲ, ಹೊಣೆ ತೀರ್ಮಾನವಾಗಿಲ್ಲ.’ ಅವರು ಹೊಣೆ ಒಪ್ಪುವವರೆಗೆ ಬಾಡಿಗೆ ಕಾರಿಲ್ಲ. ಜೋತುಬಿದ್ದ ಬಂಪರ್‌ಗೆ ಟೇಪ್ ಹಾಕಿಸಿಕೊಂಡು ವ್ಯಾನ್ ಡ್ರೈವ್‌ವೇಯಲ್ಲಿ ಸುಮ್ನೆ ನಿಂತಿತ್ತು. ಕೊನೆಗೆ ನಮ್ಮ ಕಂಪನಿಗೇ ಕ್ಲೇಮ್ ಹಾಕಿದೆವು. ಅವರು ಕಾರು ಕೊಡಿಸಿ, ಆಮೇಲೆ ಆ ಕಡೆಯವರಿಂದ ವಸೂಲಿ ಮಾಡಿದರು.

ಗುದ್ದಿದವರ ಪಾಲಿಸಿಯ ಮಿತಿಯನ್ನೂ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೇರೆಯವರ ಆಸ್ತಿ ಹಾನಿಗೆ ಕನಿಷ್ಠ ಕವರ್ ಬರೀ 5,000 ಡಾಲರ್ ಇತ್ತು. 2025ರ ಜನವರಿ 1ರಿಂದ 15,000 ಆಗಿದೆ. ರಿಪೇರಿ, ಬಾಡಿಗೆ ಎರಡೂ ಇದರೊಳಗೇ ಬರಬೇಕು. ಈಗಿನ ಬಂಪರ್‌ಗಳಲ್ಲಿ ಸೆನ್ಸರ್, ಕ್ಯಾಮೆರಾ ತುಂಬಿರುವಾಗ ಅದೇನೂ ದೊಡ್ಡ ಮೊತ್ತ ಅಲ್ಲ. ಇನ್ನೊಂದು ವಿಷಯ, ನೀವು ಬಾಡಿಗೆ ಕಾರು ತೆಗೆದುಕೊಳ್ಳದೆ ಹೇಗೋ ಸುಧಾರಿಸಿಕೊಂಡರೂ ಅಷ್ಟು ದಿನ ನಿಮ್ಮ ಕಾರು ಇಲ್ಲದ್ದಕ್ಕೆ ಪರಿಹಾರ ಕೇಳಬಹುದು. ಅದಕ್ಕೆ ‘ಲಾಸ್ ಆಫ್ ಯೂಸ್’ ಅನ್ನುತ್ತಾರೆ. ಅಡ್ಜಸ್ಟರ್ ಇದನ್ನು ತಾನಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಡೀಲರ್ ಲೋನರ್ ಬಗ್ಗೆ ಹೇಳುವುದು ಕಡಿಮೆ. ವಾರಂಟಿ ಕೆಲಸಕ್ಕೆ ಸಿಕ್ಕಿತು, ಬಿಟ್ಟಿ, ಹೊಸ ಕಾರು. ಅಪಘಾತದ ರಿಪೇರಿಗೆ ಕೇಳಿದಾಗ ‘ಯಾವುದೂ ಖಾಲಿ ಇಲ್ಲ’ ಅಂದರು. ಮೈಲಿ ಮಿತಿಯೂ ಇತ್ತು. ಗೀರು ಬಿದ್ದರೆ ನಿಮ್ಮ ಇನ್ಶೂರೆನ್ಸೇ ಮೊದಲು ಕೊಡಬೇಕು ಅಂತ ಕಾಗದದಲ್ಲಿ ಸಹಿ ಹಾಕಿಸಿಕೊಂಡಿದ್ದರು.

ನನ್ನ ಆಯ್ಕೆ ಮೊದಲನೆಯದೇ, ಆದರೆ ದಿನಕ್ಕೆ 50, ಒಟ್ಟು 1,500 ಡಾಲರಿಗೆ ಏರಿಸಿಕೊಂಡು. ನಾವು ಹಾಗೇ ಮಾಡಿದ್ದೇವೆ. ಬಿಡಿಭಾಗ ಬರುವುದು ತಡವಾದರೆ 900 ಕರಗಲು ಎಷ್ಟು ಹೊತ್ತು? ಕಾರು ಓಡಿಸುವ ಸ್ಥಿತಿಯಲ್ಲಿದ್ದರೆ ಶಾಪಿನವರಿಗೆ ಮೊದಲು ಬಿಡಿಭಾಗ ತರಿಸಲು ಹೇಳಿ, ಬಂದ ಮೇಲೆ ಕಾರು ಬಿಡಿ. ಬಾಡಿಗೆಯ ಲೆಕ್ಕ ಶುರುವಾಗುವುದು ಆವತ್ತಿನಿಂದ.