ಮಿಟುಟೊಯೊ 0-25 ಮೈಕ್ರೋಮೀಟರ್: ನಮ್ಮ ಶೆಡ್‌ನಲ್ಲಿ ಒಂದೂವರೆ ವರ್ಷ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಚಿಕ್ಕ ಲೇತ್ ಶೆಡ್ ಇದೆ. ಮಿಟುಟೊಯೊ ಕಂಪನಿಯ 0-25 ಎಂ.ಎಂ. ಮೈಕ್ರೋಮೀಟರ್ (ಸ್ಕ್ರೂ ತಿರುಗಿಸಿ ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಸಾಧನ) ತಗೊಂಡು ಒಂದೂವರೆ ವರ್ಷ ಆಯಿತು. ಮಾಡೆಲ್ ನಂಬರ್ 103-137, ಬ್ಯಾಟರಿ ಇಲ್ಲದ ಸಾದಾ ಮಾಡೆಲ್. ಡಿಜಿಟಲ್ ವರ್ನಿಯರ್ ಇದ್ದರೆ ಸಾಕಲ್ವಾ, ಇದಕ್ಕೆ ಯಾಕೆ ಬೇರೆ ದುಡ್ಡು ಅಂತ ಕೇಳುವವರು ಜಾಸ್ತಿ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಪಾಂಡವಪುರ ಕಡೆಯ ರೈತರೊಬ್ಬರ ಪಂಪ್ ಮೋಟರ್ ಶಾಫ್ಟ್ ಬಂದಿತ್ತು. ಬೇರಿಂಗ್ ಕೂರುವ ಜಾಗ ಸವೆದಿತ್ತು. ವೆಲ್ಡಿಂಗ್ ತುಂಬಿ ಟರ್ನಿಂಗ್ ಮಾಡಬೇಕಿತ್ತು. 6204 ಬೇರಿಂಗ್, ಒಳಗಿನ ಬೋರ್ 20 ಎಂ.ಎಂ. ಬೇರಿಂಗ್ ಅಲ್ಲಾಡದೆ ಬಿಗಿಯಾಗಿ ಕೂರುವ ಕೆ6 ಫಿಟ್ ಬೇಕೆಂದರೆ ಶಾಫ್ಟ್ 20.002ರಿಂದ 20.015ರ ಒಳಗೆ ಬರಬೇಕು. ಬರೀ 13 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಎಂ.ಎಂ.ನ ಸಾವಿರದ ಒಂದು ಭಾಗ) ಜಾಗ! ವರ್ನಿಯರ್ 20.01 ತೋರಿಸಿತು, ಕೊಟ್ಟು ಕಳಿಸಿದೆ. ಮೂರು ವಾರಕ್ಕೆ ಮೋಟರ್ ಸದ್ದು ಮಾಡುತ್ತಿದೆ ಅಂತ ವಾಪಸ್ ಬಂತು. ಬೇರಿಂಗ್‌ನ ಒಳ ರಿಂಗ್ ಶಾಫ್ಟ್ ಮೇಲೆ ಸುತ್ತಿ ಸುತ್ತಿ ಆ ಜಾಗ ಸುಟ್ಟು ಕಪ್ಪಾಗಿತ್ತು. ಮೋಟರ್ ನಿಂತ ನಾಲ್ಕು ದಿನ ಅವರ ಕಬ್ಬಿಗೆ ನೀರಿಲ್ಲ. ಅವರು ಬೈಯಲಿಲ್ಲ, "ಬೇಗ ಮಾಡ್ಕೊಡಿ ಸ್ವಾಮಿ" ಅಂದರು ಅಷ್ಟೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ರೈತರ ಶಾಫ್ಟ್ ಮಾಡಿದ ದಿನವೇ, ಅದೇ ವರ್ನಿಯರ್ ನೋಡಿ ಅದೇ 20.01ಕ್ಕೆ ಮಾಡಿದ್ದ ಇನ್ನೊಂದು ಶಾಫ್ಟ್ ಶೆಡ್‌ನಲ್ಲೇ ಇತ್ತು. ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಟರ್ನರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ನಮ್ಮಲ್ಲಿಗೆ ಆಗಾಗ ಬರುತ್ತಾರೆ, ಅವರು ತಮ್ಮ ಮೈಕ್ರೋಮೀಟರ್‌ನಲ್ಲಿ ಅದನ್ನು ನೋಡಿದರು. 19.98 ಇತ್ತು.

ವರ್ನಿಯರ್ ಕೆಟ್ಟಿರಲಿಲ್ಲ. 150 ಎಂ.ಎಂ. ಡಿಜಿಟಲ್ ವರ್ನಿಯರ್‌ಗಳಲ್ಲಿ ಒಳ್ಳೆಯದಕ್ಕೂ 0.02 ಹೆಚ್ಚು ಕಡಿಮೆ ತೋರಿಸಲು ಅವಕಾಶ ಇರುತ್ತದೆ. ಡಿಸ್‌ಪ್ಲೇನಲ್ಲಿ 0.01ರ ಲೆಕ್ಕದಲ್ಲಿ ಅಂಕಿ ಬರುತ್ತದೆ, ನಾವು ಅದೇ ನಿಖರತೆ ಅಂತ ನಂಬಿಬಿಡುತ್ತೇವೆ. ಜೊತೆಗೆ ನಾನು ಲೇತ್‌ನಿಂದ ಬಿಚ್ಚದೆ, ಬಿಸಿ ಇರುವಾಗಲೇ ಅಳೆದಿದ್ದೆ. ಕಬ್ಬಿಣ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 20 ಎಂ.ಎಂ. ಶಾಫ್ಟ್ ಮಾಮೂಲಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ 9 ಮೈಕ್ರಾನ್! ನಮಗಿರುವ ಆ 13 ಮೈಕ್ರಾನ್ ಟಾಲರೆನ್ಸ್‌ನ ಸುಮಾರು ಮುಕ್ಕಾಲು ಭಾಗದಷ್ಟು. ಎರಡೂ ಸೇರಿದರೆ 0.03 ತಪ್ಪು ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕಿಲ್ಲ.

ಆಮೇಲೆ ತಗೊಂಡಿದ್ದೇ ಇದು. ಸ್ಕ್ರೂನ ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) 0.5 ಎಂ.ಎಂ., ಕೈಯಲ್ಲಿ ತಿರುಗಿಸುವ ಕೊಳವೆ ಅಂದರೆ ಥಿಂಬಲ್ ಮೇಲೆ 50 ಗೆರೆ, ಒಂದು ಗೆರೆಗೆ 0.01. ಕಂಪನಿ ಹೇಳುವ ನಿಖರತೆ 2 ಮೈಕ್ರಾನ್. ಎರಡು ಗೆರೆಗಳ ನಡುವೆ ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಇನ್ನೂ ಸ್ವಲ್ಪ ಸೂಕ್ಷ್ಮವಾಗಿ ಓದಬಹುದು. ಇಲ್ಲಿ ಜಾಬ್ (ಅಳೆಯುವ ವಸ್ತು) ಮತ್ತು ಅಳೆಯುವ ಸ್ಕ್ರೂ ಒಂದೇ ಗೆರೆಯಲ್ಲಿವೆ. ವರ್ನಿಯರ್‌ನಲ್ಲಿ ಸ್ಕೇಲ್ ಒಂದು ಕಡೆ, ಜಾಬ್ ಇನ್ನೊಂದು ಕಡೆ, ಹಾಗಾಗಿ ಅದರ ಜಾ (ಜಾಬ್ ಹಿಡಿಯುವ ದವಡೆ) ಒಂಚೂರು ವಾಲಿದರೂ ಅಳತೆ ತಪ್ಪುತ್ತದೆ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1890ರಲ್ಲೇ ಇದನ್ನು ಹೇಳಿದ್ದರು.

ನನಗೆ ತುಂಬಾ ಇಷ್ಟವಾದದ್ದು ಒತ್ತಡ ಮಿತಿ ಮೀರದಂತೆ ತಡೆಯುವ ತುದಿಯ ಗುಂಡಿ, ಅಂದರೆ ರ‍್ಯಾಚೆಟ್. ಯಾರು ತಿರುಗಿಸಿದರೂ ಒತ್ತಡ ಒಂದೇ. ಹೊಸ ಹುಡುಗ ಅಳೆದರೂ ನಾನು ಅಳೆದರೂ ಬರುವ ವ್ಯತ್ಯಾಸ ಬಹಳ ಕಡಿಮೆ. ನಿಧಾನವಾಗಿ ಎರಡು ಮೂರು ಸಲ ಕಟ್ ಕಟ್ ಅನ್ನಲಿ, ಸಾಕು. ಥಿಂಬಲ್ ಹಿಡಿದು ಬಿಗಿಯುವವರ ಕೈಗೆ ಕೊಡಬೇಡಿ. ತುದಿಗಳು ಕಾರ್ಬೈಡ್, ಇಲ್ಲಿಯವರೆಗೆ ಸವೆತ ಕಾಣಲಿಲ್ಲ.

ಓದುವುದು ಮಾತ್ರ ಕಲಿಯಬೇಕು. ಸ್ಲೀವ್ (ಥಿಂಬಲ್ ಒಳಗಿನ ತಿರುಗದ ಕೊಳವೆ) ಮೇಲಿನ ಅರ್ಧ ಎಂ.ಎಂ. ಗೆರೆ ಬಿಟ್ಟರೆ ನೇರ 0.50 ತಪ್ಪಾಗುತ್ತದೆ. ಅದಕ್ಕೇ ನಾವು ಮೊದಲು ವರ್ನಿಯರ್‌ನಲ್ಲಿ ಅಂದಾಜು ನೋಡಿ, ಆಮೇಲೆ ಮೈಕ್ರೋಮೀಟರ್‌ಗೆ ಹೋಗುತ್ತೇವೆ. ಎರಡು ಬೇರೆ ಬೇರೆ ಕೆಲಸಕ್ಕೆ, ಒಂದು ಬಂದರೆ ಇನ್ನೊಂದು ಬೇಡ ಅಂತಲ್ಲ.

ಬೆಳಿಗ್ಗೆ ತುದಿಗಳ ನಡುವೆ ಬಿಳಿ ಕಾಗದ ಸೇರಿಸಿ ಮೆಲ್ಲಗೆ ಎಳೆಯಿರಿ, ಎಣ್ಣೆ ಧೂಳು ಬರುತ್ತದೆ. ಆಮೇಲೆ ಜೀರೋ ನೋಡಿ. ತಪ್ಪಿದ್ದರೆ ಜೊತೆಗೆ ಬರುವ ಚಿಕ್ಕ ಸ್ಪ್ಯಾನರ್‌ನಿಂದ ಸ್ಲೀವ್ ತಿರುಗಿಸಿ ಸರಿ ಮಾಡಬಹುದು. ಇಡುವಾಗ ತುದಿಗಳು ಒಂದಕ್ಕೊಂದು ತಾಗದ ಹಾಗೆ ಸ್ವಲ್ಪ ಸಂದು ಬಿಡಿ. ಅಳತೆಯ ಲೆಕ್ಕಕ್ಕೆ 20 ಡಿಗ್ರಿ ಅಂತ ನಿಯಮ ಇದೆ, ನಮ್ಮ ತಗಡಿನ ಶೆಡ್‌ನಲ್ಲಿ ಮಾರ್ಚ್‌ನಿಂದಲೇ ಅದು ಕನಸು. ಆದರೆ ಜಾಬ್ ಮತ್ತು ಮೈಕ್ರೋಮೀಟರ್ ಎರಡೂ ಕಬ್ಬಿಣದ್ದೇ, ಒಂದೇ ಮೇಜಿನ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಹಿಗ್ಗುವುದು ಹೆಚ್ಚು ಕಡಿಮೆ ಸಮನಾಗುತ್ತದೆ. ಬಿಸಿ ಜಾಬ್ ಮಾತ್ರ ಬೇಡ.

ವರ್ಷಕ್ಕೊಮ್ಮೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬ್‌ಗೆ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು, ಕಳಿಸುತ್ತೇವೆ. ನಂಬಿಕೆ ಇರುವ ಅಂಗಡಿಯಲ್ಲಿ ಬಿಲ್ ಹಾಕಿಸಿಯೇ ತಗೊಳ್ಳಿ, ನಕಲಿ ಮಾಲು ಓಡಾಡುತ್ತದೆ. ಪಾಂಡವಪುರದವರ ಆ ಶಾಫ್ಟ್ ಮತ್ತೆ ಮಾಡಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಈ ಸಲ ತಣ್ಣಗಾದ ಮೇಲೆ ಮೂರು ಕಡೆ ಅಳೆದೆ, 20.01 ಇತ್ತು. ಮೋಟರ್ ಇನ್ನೂ ಓಡುತ್ತಿದೆ.